ಹಳೆಯ ಮನೆಗಳ ನೀರಿನ ಕೊಳವೆಗಳು: ದುರಸ್ತಿ ಮತ್ತು ಬದಲಾವಣೆ

ದಶಕಗಳಿಂದ ಬಳಕೆಯಲ್ಲಿರುವ ಲೋಹದ ಕೊಳವೆಗಳು ಸೋರತೊಡಗಿದಾಗ, ಸೋರುವ ಭಾಗವನ್ನಷ್ಟೇ ಸರಿಪಡಿಸಬೇಕೆ ಅಥವಾ ಮನೆಯ ಎಲ್ಲ ಕೊಳವೆಗಳನ್ನೂ ಹೊಸದಾಗಿ ಅಳವಡಿಸಬೇಕೆ ಎಂಬ ಪ್ರಶ್ನೆ ಮನೆಯವರ ಮುಂದೆ ಬರುತ್ತದೆ. ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ತಾಮ್ರದ ಕೊಳವೆಗಳಿಗೆ ಸಂಬಂಧಿಸಿದ್ದಾಗಿದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಸತುವಿನ ಲೇಪವಿರುವ ಕಬ್ಬಿಣದ ಕೊಳವೆಗಳು, ಅಂದರೆ ಜಿಐ ಪೈಪುಗಳು, ಹೆಚ್ಚಾಗಿವೆ. ತಾಮ್ರದ ಕೊಳವೆಗಳು ಮುಖ್ಯವಾಗಿ ಬಿಸಿನೀರಿನ ಉಪಕರಣಗಳಲ್ಲಿ ಕಂಡುಬರುತ್ತವೆ. ಲೋಹ ಯಾವುದೇ ಆಗಿರಲಿ, ಸೋರಿಕೆಯ ಕಾರಣ ಆ ಒಂದು ಜಾಗಕ್ಕೆ ಸೀಮಿತವೇ ಅಥವಾ ಇಡೀ ಕೊಳವೆ ಸವೆದಿರುವುದರ ಲಕ್ಷಣವೇ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಹಿನ್ನೆಲೆ

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು 1898ರ ಪ್ಲೇಗ್ ಪಿಡುಗಿನ ಕಾಲದಲ್ಲಿ ಬೆಳೆದವು. 1890ರ ದಶಕದಲ್ಲಿ ಹೆಸರಘಟ್ಟದಿಂದಲೂ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಿಂದಲೂ ನಗರಕ್ಕೆ ಕೊಳವೆಯ ಮೂಲಕ ನೀರು ಬಂದಿತು. ಇವೆರಡೂ ಅರ್ಕಾವತಿ ನದಿಯ ನೀರಿನ ಯೋಜನೆಗಳು. 1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತದ ನೀರು ನಗರವನ್ನು ತಲುಪಿತು.

ಈ ಬಡಾವಣೆಗಳ ಅನೇಕ ಮನೆಗಳಲ್ಲಿ ಹಿತ್ತಿಲ ಬಾವಿ ಮತ್ತು ಬಚ್ಚಲುಮನೆಯ ತಾಮ್ರದ ಹಂಡೆ ಬಳಕೆಯಲ್ಲಿದ್ದವು. ನಲ್ಲಿ, ಸಂಪು, ತಾರಸಿಯ ಮೇಲಿನ ಟ್ಯಾಂಕು, ಗೀಸರು ಮತ್ತು ಸೌರ ಜಲತಾಪಕಗಳು ಬೇರೆ ಬೇರೆ ಕಾಲದಲ್ಲಿ ಸೇರ್ಪಡೆಯಾದವು. ಆದ್ದರಿಂದ ಒಂದೇ ಮನೆಯಲ್ಲಿ ಹಲವು ಕಾಲದ, ಹಲವು ಲೋಹಗಳ ಕೊಳವೆಗಳು ಒಂದಕ್ಕೊಂದು ಜೋಡಣೆಗೊಂಡಿರುವುದುಂಟು.

ಕೊಳವೆಗಳು ಹಾಳಾಗುವ ಬಗೆ

ಜಿಐ ಕೊಳವೆಯಲ್ಲಿ ಸತುವಿನ ಲೇಪ ತಾನು ಕರಗುತ್ತಾ ಕಬ್ಬಿಣವನ್ನು ಕಾಪಾಡುತ್ತದೆ. ಲೇಪ ಮುಗಿದ ಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಒಳಗೋಡೆಯ ಮೇಲೆ ಗಂಟುಗಳಾಗಿ ಬೆಳೆದು ನೀರಿನ ದಾರಿಯನ್ನು ಕಿರಿದುಗೊಳಿಸುತ್ತದೆ. ಮರೆಗಳನ್ನು ಕೊರೆದ ಜಾಗದಲ್ಲಿ ಕೊಳವೆಯ ದಪ್ಪ ಅತಿ ಕಡಿಮೆಯಿರುವುದರಿಂದ ಸೋರಿಕೆ ಸಾಮಾನ್ಯವಾಗಿ ಅಲ್ಲಿಯೇ ಮೊದಲು ಕಾಣಿಸುತ್ತದೆ. ನೀರು ದಿನ ಬಿಟ್ಟು ದಿನ ಬರುವ ಕಡೆ ಕೊಳವೆಯೊಳಗೆ ನೀರು ಮತ್ತು ಗಾಳಿ ಸರದಿಯಂತೆ ತುಂಬುವುದರಿಂದ ತುಕ್ಕಿಗೆ ಬೇಕಾದ ಆಮ್ಲಜನಕ ಮತ್ತೆ ಮತ್ತೆ ಒದಗುತ್ತದೆ.

ತಾಮ್ರಕ್ಕೆ ತುಕ್ಕು ಹಿಡಿಯುವುದಿಲ್ಲ. ಅದರ ಮೇಲೆ ಉಂಟಾಗುವ ತೆಳುವಾದ ಪದರವು ಲೋಹವನ್ನು ರಕ್ಷಿಸುತ್ತದೆ. ಆ ಪದರ ಕೆಟ್ಟ ಕಡೆ ಸೂಜಿಮೊನೆಯಷ್ಟು ಚಿಕ್ಕ ರಂಧ್ರಗಳು ಬೀಳುತ್ತವೆ. ಗಡಸು ನೀರು, ಬೆಸುಗೆಯ ವೇಳೆ ಒಳಗೆ ಉಳಿದ ರಾಸಾಯನಿಕ ಹಾಗೂ ತಿರುವುಗಳಲ್ಲಿ ನೀರಿನ ಅತಿವೇಗ ಇದಕ್ಕೆ ಕಾರಣವಾಗಬಹುದು. ಕೀಲುಗಳ ಬಳಿ ಕಾಣುವ ನೀಲಿ-ಹಸಿರು ಕಲೆ ಈ ಸವೆತದ ಗುರುತು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಸೌರ ಜಲತಾಪಕದ ತಾಮ್ರದ ನಳಿಗೆಗಳ ಒಳಗೆ ಸುಣ್ಣದ ಪದರ ಕಟ್ಟಿಕೊಳ್ಳುವುದೂ ಇದೆ.

ತಾಮ್ರ ಮತ್ತು ಜಿಐ ಕೊಳವೆಗಳನ್ನು ನೇರವಾಗಿ ಜೋಡಿಸಿದರೆ ಸತು ಮತ್ತು ಕಬ್ಬಿಣ ಬೇಗ ಸವೆಯುತ್ತವೆ. ತಾಮ್ರದ ಮೂಲಕ ಹರಿದ ನೀರು ಮುಂದೆ ಜಿಐ ಕೊಳವೆಯನ್ನು ಸೇರಿದರೂ, ನೀರಿನಲ್ಲಿ ಕರಗಿದ ತಾಮ್ರ ಸತುವಿನ ಮೇಲೆ ಕುಳಿತು ಅದೇ ಹಾನಿಯನ್ನು ಉಂಟುಮಾಡುತ್ತದೆ.

ಪರಿಶೀಲನೆ

ಕೊಳವೆಯ ಹೊರಮೈಯನ್ನು ಸ್ವಲ್ಪ ಕೆರೆದು ನೋಡಿದರೆ ಲೋಹ ತಿಳಿಯುತ್ತದೆ. ತಾಮ್ರ ಕೆಂಬಣ್ಣದ್ದಾಗಿರುತ್ತದೆ ಮತ್ತು ಅಯಸ್ಕಾಂತಕ್ಕೆ ಅಂಟುವುದಿಲ್ಲ; ಜಿಐ ಕೊಳವೆ ಅಂಟುತ್ತದೆ. ಮುಂಜಾನೆಯ ಮೊದಲ ನೀರನ್ನು ಬಿಳಿಯ ಪಾತ್ರೆಯಲ್ಲಿ ಹಿಡಿದು ನೋಡಿದಾಗ ಕಂದುಬಣ್ಣ ಕಂಡರೆ ಒಳಗೆ ತುಕ್ಕು ಇದೆಯೆಂದು ತಿಳಿಯಬಹುದು. ಒಂದು ಬಕೆಟ್ಟು ತುಂಬಲು ಬೇಕಾಗುವ ಸಮಯವನ್ನು ಪ್ರತಿ ನಲ್ಲಿಯಲ್ಲಿಯೂ ಅಳೆದರೆ ಕಿರಿದಾದ ಕೊಳವೆ ಯಾವುದೆಂದು ಗೊತ್ತಾಗುತ್ತದೆ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಟ್ಯಾಂಕಿನ ನೀರಿನ ಮಟ್ಟವನ್ನು ಗುರುತಿಸಬೇಕು. ಬೆಳಗಾಗುವಷ್ಟರಲ್ಲಿ ಮಟ್ಟ ಇಳಿದಿದ್ದರೆ ಕಾಣದ ಸೋರಿಕೆ ಇರಬಹುದು. ಶೌಚಾಲಯದ ಫ್ಲಷ್ ತೊಟ್ಟಿ ಸೋರುತ್ತಿಲ್ಲವೆಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳಬೇಕು.

ದುರಸ್ತಿ ಸಾಕಾಗುವ ಸಂದರ್ಭಗಳು

ಮೊಳೆ ಹೊಡೆದಾಗ ಬಿದ್ದ ತೂತು, ಸಡಿಲವಾದ ಕೀಲು, ಸರಿಯಾಗಿ ಕೂರದ ಬೆಸುಗೆ ಮೊದಲಾದವು ಆ ಜಾಗಕ್ಕೆ ಸೀಮಿತವಾದ ದೋಷಗಳು. ನೀರಿನ ಬಣ್ಣ ಮತ್ತು ರಭಸ ಸರಿಯಾಗಿದ್ದು, ಕೊಳವೆ ಕೈಗೆ ಸಿಗುವಂತಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ತುಂಡು ಜೋಡಿಸುವುದು ಸಾಕಾಗುತ್ತದೆ. ಕ್ಲಾಂಪು ಬಿಗಿಯುವುದು, ಎಂ-ಸೀಲ್ ಹಚ್ಚುವುದು ತಾತ್ಕಾಲಿಕ ಉಪಾಯಗಳು ಮಾತ್ರ. ಉತ್ತಮ ಸ್ಥಿತಿಯ ತಾಮ್ರದ ಕೊಳವೆ ಐವತ್ತು ವರ್ಷಗಳಿಗೂ ಮೀರಿ ಬಾಳಬಲ್ಲದು. ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ತೆಗೆಯಬೇಕಾಗಿಲ್ಲ.

ಬದಲಾವಣೆ ಅಗತ್ಯವಾಗುವ ಸಂದರ್ಭಗಳು

ಬೇರೆ ಬೇರೆ ಜಾಗಗಳಲ್ಲಿ ಮೇಲಿಂದ ಮೇಲೆ ಸೋರಿಕೆ, ಕಂದು ನೀರು, ಕುಗ್ಗಿದ ರಭಸ ಇವು ಒಟ್ಟಿಗೆ ಕಂಡರೆ ಕೊಳವೆಯ ಆಯಸ್ಸು ಮುಗಿದಿದೆ ಎಂದರ್ಥ. ಇಂತಹ ಜಿಐ ಕೊಳವೆಯ ಒಂದು ಕೀಲನ್ನು ಬಿಚ್ಚಲು ಹೋದಾಗ ಪಕ್ಕದ ತುಂಡೂ ಮುರಿಯುವುದು ಸಾಮಾನ್ಯ. ಆಗ ತೇಪೆಗಳಿಗೆ ಮಾಡುವ ವೆಚ್ಚ ವ್ಯರ್ಥವಾಗುತ್ತದೆ. ಇಲ್ಲಿ ಕೊಳವೆಯ ಬೆಲೆಗಿಂತ ಕೂಲಿ, ಗೋಡೆ ಒಡೆಯುವುದು ಮತ್ತು ಮತ್ತೆ ಗಾರೆ ಮಾಡುವುದರ ವೆಚ್ಚವೇ ಹೆಚ್ಚು. ಪ್ರತಿ ಸೋರಿಕೆಗೂ ಆ ವೆಚ್ಚ ಮರುಕಳಿಸುತ್ತದೆ.

ನೆಲದಡಿಯಲ್ಲಿ ಒಳಚರಂಡಿಯ ಸಮೀಪ ಹಾದುಹೋಗುವ ಕೊಳವೆ ಸೋರುತ್ತಿದ್ದರೆ ವಿಳಂಬ ಸಲ್ಲದು. ನೀರಿನ ಸರಬರಾಜು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಅದೇ ತೂತಿನಿಂದ ಹೊರಗಿನ ಕೊಳಚೆ ಒಳಕ್ಕೆ ಸೇರಬಹುದು. ಇದರಿಂದ ಕಾಲರಾ, ವಿಷಮಶೀತಜ್ವರ, ಕಾಮಾಲೆಯಂತಹ ರೋಗಗಳು ಹರಡುವ ಅಪಾಯವಿದೆ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಇರುವುದು ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಹಳೆಯ ತಾಮ್ರದ ಕೊಳವೆಗಳ ಬೆಸುಗೆಯಲ್ಲಿ ಸೀಸವಿರುವ ಸಂಭವವೂ ಉಂಟು. ಕುಡಿಯುವ ನೀರಿನ ಕೊಳವೆಗಳಿಗೆ ಅಂತಹ ಬೆಸುಗೆಯನ್ನು ಅಮೆರಿಕ 1986ರಲ್ಲಿ ನಿಷೇಧಿಸಿತು. ನೀರನ್ನು ಕುದಿಸುವುದರಿಂದ ಸೀಸ ಹೋಗುವುದಿಲ್ಲ.

ಹಳೆಯ ಕಟ್ಟಡಗಳ ವಿಶೇಷ ಸಮಸ್ಯೆ

ಸುಣ್ಣದ ಗಾರೆ ಅಥವಾ ಮಣ್ಣಿನಿಂದ ಕಟ್ಟಿದ ಇಟ್ಟಿಗೆಯ ಗೋಡೆಗಳು ತೇವವನ್ನು ಬೇಗ ಹೀರುತ್ತವೆ. ಗೋಡೆಯೊಳಗಿನ ಸಣ್ಣ ಸೋರಿಕೆಯೂ ದೀರ್ಘಕಾಲ ಮುಂದುವರಿದರೆ ಗಾರೆ ಸಡಿಲವಾಗುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿಯಲ್ಲಿ ತೊಲೆಯ ತುದಿ ಕೊಳೆತು ಚಾವಣಿಯೇ ದುರ್ಬಲಗೊಳ್ಳಬಹುದು. ಹೊಸ ಕೊಳವೆಗಾಗಿ ಇಂತಹ ಗೋಡೆಯಲ್ಲಿ ಆಳವಾದ ಸೀಳು ತೆಗೆಯುವುದೂ ಅಪಾಯಕರ. ಆದ್ದರಿಂದ ಹಳೆಯ ಕೊಳವೆಯ ಎರಡೂ ತುದಿ ಮುಚ್ಚಿ ಅದನ್ನು ಗೋಡೆಯಲ್ಲಿಯೇ ಬಿಟ್ಟು, ಹೊಸ ಕೊಳವೆಯನ್ನು ಗೋಡೆಯ ಹೊರಮೈಯಲ್ಲಿ ಕೊಂಡೊಯ್ಯುವುದು ಉತ್ತಮ. ಮುಂದೆ ಸೋರಿದರೂ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ.

ಹೊಸ ಕೊಳವೆಗಳ ಆಯ್ಕೆ ಮತ್ತು ಮುನ್ನೆಚ್ಚರಿಕೆಗಳು

ತಣ್ಣೀರಿಗೆ ಯುಪಿವಿಸಿ, ಬಿಸಿನೀರು ಮತ್ತು ತಣ್ಣೀರು ಎರಡಕ್ಕೂ ಸಿಪಿವಿಸಿ ಕೊಳವೆಗಳು ಬಳಕೆಯಲ್ಲಿವೆ. ಇವು ತುಕ್ಕು ಹಿಡಿಯುವುದಿಲ್ಲ. ಆದರೆ ನೇರ ಬಿಸಿಲಿನಿಂದ ಪೆಡಸಾಗುವುದರಿಂದ ತಾರಸಿಯ ಮೇಲೆ ಇವಕ್ಕೆ ಬಣ್ಣ ಅಥವಾ ಹೊದಿಕೆ ಅಗತ್ಯ. ಒಮ್ಮೆಗೆ ಹಣ ಹೊಂದಿಸಲಾಗದಿದ್ದರೆ ಕೆಲಸವನ್ನು ಹಂತಹಂತವಾಗಿ ಮಾಡಬಹುದು. ಮೊದಲು ನೆಲದಡಿಯ ಕೊಳವೆ ಮತ್ತು ಅಡುಗೆಮನೆಯ ಕುಡಿಯುವ ನೀರಿನ ಕೊಳವೆ, ಅನಂತರ ಬಚ್ಚಲುಮನೆ ಎಂಬುದು ಸೂಕ್ತ ಕ್ರಮ. ರಸ್ತೆಯ ಮುಖ್ಯ ಕೊಳವೆಗೆ ಸಂಬಂಧಿಸಿದ ಕೆಲಸಕ್ಕೆ ಜಲಮಂಡಳಿಯ ಅನುಮತಿ ಬೇಕು.

ಕೆಲವು ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ಥಿಂಗ್ ತಂತಿಯನ್ನು ಲೋಹದ ನೀರಿನ ಕೊಳವೆಗೇ ಕಟ್ಟಿರುತ್ತಾರೆ. ಆ ಕೊಳವೆಯ ಜಾಗದಲ್ಲಿ ಪ್ಲಾಸ್ಟಿಕ್ ಕೊಳವೆ ಬಂದಾಗ ಅರ್ಥಿಂಗ್ ಕಡಿದುಹೋಗಿ, ಗೀಸರಿನಂತಹ ಉಪಕರಣಗಳಿಂದ ವಿದ್ಯುದಾಘಾತವಾಗುವ ಅಪಾಯ ಉಂಟಾಗುತ್ತದೆ. ಕೊಳವೆ ತೆಗೆಯುವ ಮುನ್ನವೇ ವಿದ್ಯುತ್ ಕೆಲಸ ಬಲ್ಲವರಿಂದ ಪ್ರತ್ಯೇಕ ಅರ್ಥಿಂಗ್ ಮಾಡಿಸುವುದು ಅಗತ್ಯ. ಕೆಲಸ ಮುಗಿದ ಮೇಲೆ ಸೋರಿಕೆಯನ್ನು ಪರೀಕ್ಷಿಸಿ, ಆರಂಭದ ನೀರನ್ನು ಕುಡಿಯಲು ಬಳಸದೆ ಹರಿಯಬಿಡಬೇಕು. ಕೊಳವೆಗಳು ಸಾಗಿರುವ ದಾರಿಯ ನಕ್ಷೆಯೊಂದನ್ನು ಬರೆದಿಟ್ಟುಕೊಂಡರೆ ಮುಂದಿನ ದುರಸ್ತಿ ಸುಲಭವಾಗುತ್ತದೆ.