ಬುಷ್ ಬದಲಾವಣೆ: ಮೊದಲ 5,500 ರೂಪಾಯಿ ಎಲ್ಲಿ ಹಾಕಬೇಕು

ಅರವತ್ತು ಸಾವಿರ ಕಿ.ಮೀ. ದಾಟಿದ ಸಣ್ಣ ಹ್ಯಾಚ್‌ಬ್ಯಾಕ್ ಘಾಟಿಯ ತಿರುವಿನಲ್ಲಿ ಮೊದಲಿನಷ್ಟು ಬಿಗಿಯಾಗಿ ನಿಲ್ಲದಿದ್ದರೆ, ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆದರೆ, ಮಾಲೀಕರ ಯೋಚನೆ ಹೊಸ ಶಾಕ್ ಅಬ್ಸಾರ್ಬರ್, ಅಗಲ ಟೈರು, ಅಲಾಯ್ ಚಕ್ರದ ಕಡೆ ಓಡುತ್ತದೆ. ಅದು ಹತ್ತಾರು ಸಾವಿರದ ಬಾಬತ್ತು. ದೋಷ ಇರುವುದು ಬಹಳ ಸಲ ಒಂದು ಹಿಡಿಯಲ್ಲಿ ಹಿಡಿಸುವಷ್ಟು ರಬ್ಬರಿನಲ್ಲಿ, ಅಂದರೆ ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ಬುಷ್‌ಗಳಲ್ಲಿ. ಹಾಗಾಗಿ ಹಣ ಬಿಚ್ಚುವ ಮೊದಲು ಬುಷ್‌ಗಳ ಲೆಕ್ಕ ಮಾಡುವುದು ಒಳ್ಳೆಯದು.

ಮೊದಲು ಎಣಿಕೆ. 2005ರಲ್ಲಿ ಭಾರತಕ್ಕೆ ಬಂದ ಮಾರುತಿ ಸ್ವಿಫ್ಟ್‌ಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್. ನಮ್ಮ ರಸ್ತೆಯ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳದ್ದೂ ಇದೇ ಕಟ್ಟು. ಮುಂದಿನ ಎರಡು ಲೋವರ್ ಆರ್ಮ್‌ಗಳಲ್ಲಿ ತಲಾ 2ರಂತೆ 4 ಬುಷ್, ಸ್ಟೆಬಿಲೈಸರ್ ಬಾರನ್ನು ಬಾಡಿಗೆ ಕಟ್ಟುವ ಡಿ-ಬುಷ್ 2, ಹಿಂದಿನ ಬೀಮಿನಲ್ಲಿ 2: ಒಟ್ಟು 8. ಶಾಕ್ ಅಬ್ಸಾರ್ಬರಿನ ಬುಷ್, ಸ್ಟ್ರಟ್ ಮೌಂಟ್ ಬೇರೆ. ನಾಲ್ಕೂ ಚಕ್ರ ಎತ್ತ ಮುಖ ಮಾಡಬೇಕೆಂಬುದು ಮುಖ್ಯವಾಗಿ ಈ ಎಂಟರ ಹಿಡಿತದಲ್ಲಿದೆ.

ಇವು ಹೊರುವ ಭಾರ ಎಷ್ಟು? ಡ್ರೈವರ್ ಸೇರಿ 1,000 ಕೆ.ಜಿ. ತೂಗುವ ಕಾರು ಎಂದುಕೊಳ್ಳೋಣ. ಎದುರಿಗೆ ಹಸು ಅಡ್ಡ ಬಂದು 0.8 ಜಿ ಬ್ರೇಕ್ ಹಾಕಿದರೆ ಒಟ್ಟು ಬ್ರೇಕ್ ಬಲ 800 ಕೆ.ಜಿ. ಭಾರಕ್ಕೆ ಸಮ. ಅದರಲ್ಲಿ ಶೇ 70 ಮುಂದಿನ ಚಕ್ರಗಳದು ಎಂದರೆ 560. ಒಂದೊಂದು ಚಕ್ರಕ್ಕೆ 280. ಈ ಬಲ ಹುಟ್ಟುವುದು ನೆಲದ ಮಟ್ಟದಲ್ಲಿ. ಚಕ್ರದ ಕಡೆಯನ್ನು ಲೋವರ್ ಆರ್ಮಿಗೆ ಸೇರಿಸುವ ಬಾಲ್ ಜಾಯಿಂಟ್ ನೆಲದಿಂದ 170 ಮಿ.ಮೀ., ಸ್ಟ್ರಟ್ಟಿನ ತಲೆ 850 ಮಿ.ಮೀ. ಎತ್ತರದಲ್ಲಿದ್ದರೆ ಸನ್ನೆಗೋಲಿನ ಲೆಕ್ಕದಲ್ಲಿ ಬಾಲ್ ಜಾಯಿಂಟಿಗೆ ಅದರ 1.25 ಪಟ್ಟು, ಅಂದರೆ 350 ಕೆ.ಜಿ. ಬೀಳುತ್ತದೆ. ಮುಂದಿನ ಬುಷ್‌ನಿಂದ ಬಾಲ್ ಜಾಯಿಂಟಿಗೆ 300 ಮಿ.ಮೀ., ಎರಡು ಬುಷ್‌ಗಳ ನಡುವೆ 250 ಮಿ.ಮೀ. ಇದ್ದರೆ ಆರ್ಮಿನ ಹಿಂದಿನ ಬುಷ್ ತಡೆಯಬೇಕಾದದ್ದು 420 ಕೆ.ಜಿ. ಐವತ್ತು ಕೆ.ಜಿ.ಯ ಎಂಟು ಅಕ್ಕಿ ಮೂಟೆಗಿಂತ ಹೆಚ್ಚು, ಅದೂ ಒಂದೇ ಬುಷ್ ಮೇಲೆ. ಅಳತೆಗಳು ಮಾಡೆಲ್ಲಿನಿಂದ ಮಾಡೆಲ್ಲಿಗೆ ಬದಲಾಗುತ್ತವೆ. ಭಾರದ ಅಂದಾಜು ಮಾತ್ರ ಇದೇ ಆಸುಪಾಸು. ಮೊದಲು ಸೀಳುವುದು ಹಿಂದಿನ ಬುಷ್ಷೇ ಏಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಇನ್ನರ್ಧ ನಮ್ಮ ಹಂಪ್‌ಗಳಲ್ಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಮಾರ್ಗಸೂಚಿಯ ಪ್ರಕಾರ ಗಂಟೆಗೆ 25 ಕಿ.ಮೀ. ವೇಗಕ್ಕೆ ಕಟ್ಟುವ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಆ ವೇಗದಲ್ಲಿ ಚಕ್ರ ಅದನ್ನು ಹತ್ತಿಳಿಯಲು ಅರ್ಧ ಸೆಕೆಂಡಿಗೆ ತುಸು ಹೆಚ್ಚು ಬೇಕು. ಬಡಾವಣೆಯವರೇ ಹಾಕಿಸಿಕೊಂಡ 30 ಸೆಂ.ಮೀ. ಅಗಲದ ದಿಬ್ಬವನ್ನು ಅದೇ ವೇಗದಲ್ಲಿ ದಾಟಿದರೆ ಸಿಗುವುದು 0.04 ಸೆಕೆಂಡು. ಎತ್ತರ ಒಂದೇ ಆದರೂ ಹೊಡೆತ ಬೀಳುವ ಸಮಯ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯಿತು. ದಿನಕ್ಕೆ ಇಂಥ 20 ದಿಬ್ಬ, ವರ್ಷಕ್ಕೆ 300 ದಿನ ಎಂದರೆ 6,000 ಹೊಡೆತ. ಅಳತೆ ತಪ್ಪಿದ ಹಂಪ್ ಕಟ್ಟಿದವರು ಆ ಬೀದಿಯ ಪ್ರತಿ ಕಾರಿನ ಮಾಲೀಕರ ಜೇಬಿಗೂ ಕೈ ಹಾಕಿದ್ದಾರೆ, ಇದನ್ನು ಗಟ್ಟಿಯಾಗಿಯೇ ಹೇಳಬೇಕು.

ಬುಷ್ ಸಡಿಲವಾದರೆ ಹ್ಯಾಂಡ್ಲಿಂಗ್ ಎಷ್ಟು ಕೆಡುತ್ತದೆ? ಬಾಲ್ ಜಾಯಿಂಟಿನಿಂದ ಟೈ ರಾಡ್ ತುದಿಗೆ 120 ಮಿ.ಮೀ. ಇದ್ದು, ತಿರುವಿನ ಭಾರಕ್ಕೆ ಬಾಲ್ ಜಾಯಿಂಟ್ 1 ಮಿ.ಮೀ. ಪಕ್ಕಕ್ಕೆ ಸರಿದರೆ ಆ ಚಕ್ರ 0.48 ಡಿಗ್ರಿ ತಿರುಗುತ್ತದೆ. 16ಕ್ಕೆ 1ರ ಸ್ಟಿಯರಿಂಗ್ ಅನುಪಾತದಲ್ಲಿ ಆ ಒಂದು ಚಕ್ರವನ್ನು ಅಷ್ಟು ತಿರುಗಿಸಲು ನಾವು ಸ್ಟಿಯರಿಂಗನ್ನು ಸುಮಾರು 8 ಡಿಗ್ರಿ ಆಡಿಸಬೇಕಿತ್ತು. ಕೈ ಅಲ್ಲಾಡಿಸದೆಯೇ ಕಾರು ತಾನಾಗಿ ಆಡಿಸಿಕೊಂಡಿತು. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಮತ್ತೆ ಮತ್ತೆ ಸ್ಟಿಯರಿಂಗ್ ತಿದ್ದಬೇಕಾಗಿ ಬರುವುದು ಈ ಒಂದು ಮಿಲಿಮೀಟರಿನಿಂದ.

ಟೈರಿನ ಮೇಲೂ ಇದರ ಬಿಲ್ ಬೀಳುತ್ತದೆ. ಟೋ, ಅಂದರೆ ಚಕ್ರ ನೇರಕ್ಕಿಂತ ಒಳಗೋ ಹೊರಗೋ ತಿರುಗಿರುವ ಕೋನ, ಕಾಲು ಡಿಗ್ರಿ ತಪ್ಪಿದ್ದರೆ ಟೈರು ಪ್ರತಿ ಕಿ.ಮೀ.ಗೆ 4.36 ಮೀಟರ್ ಅಡ್ಡಡ್ಡ ಉಜ್ಜುತ್ತದೆ, 10,000 ಕಿ.ಮೀ.ಗೆ ಸುಮಾರು 44 ಕಿ.ಮೀ. ಮುಂದಿನ ಜೋಡಿ ಟೈರಿಗೆ 9,000 ರೂ. ಎಂದಿಟ್ಟುಕೊಳ್ಳಿ. 40,000 ಕಿ.ಮೀ. ಬಂದರೆ ಕಿ.ಮೀ.ಗೆ 22.5 ಪೈಸೆ, 25,000ಕ್ಕೇ ಬೋಳಾದರೆ 36 ಪೈಸೆ. ವರ್ಷಕ್ಕೆ 15,000 ಕಿ.ಮೀ. ಓಡಿಸುವವರಿಗೆ ವ್ಯತ್ಯಾಸ 2,025 ರೂ.

ಈಗ ಖರ್ಚು. ಕೆಳಗಿನವು ಸಣ್ಣ ಹ್ಯಾಚ್‌ಬ್ಯಾಕಿಗೆ ಲೆಕ್ಕಕ್ಕೆಂದು ಹಿಡಿದ ದುಂಡು ದರಗಳು. ನಿಮ್ಮ ಊರಿನ, ನಿಮ್ಮ ಮಾಡೆಲ್ಲಿನ ದರ ಹಾಕಿಕೊಂಡು ಇದೇ ಕ್ರಮದಲ್ಲಿ ಕೂಡಿ. ಡಿ-ಬುಷ್ ಎರಡಕ್ಕೆ 300, ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್ ಎರಡಕ್ಕೆ 1,200, ಕೂಲಿ 500: ಒಟ್ಟು 2,000. ಲೋವರ್ ಆರ್ಮಿನ ನಾಲ್ಕು ಹೊಸ ರಬ್ಬರ್ ಬುಷ್‌ಗೆ 1,400, ಆರ್ಮ್ ಬಿಚ್ಚಿ ಪ್ರೆಸ್ ಮಾಡಿಸಿ ಕೂರಿಸಲು 1,600, ಅಲೈನ್‌ಮೆಂಟ್ 500: ಒಟ್ಟು 3,500. ಎರಡೂ ಸೇರಿ 5,500 ರೂ. ಇದು ಮೊದಲ ಕಂತು. ಘಾಟಿಗೂ ಸಿಟಿಗೂ ಒಂದೇ ಕಾರು ಓಡಿಸುವವರಿಗೆ ಇಲ್ಲಿಗೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟೈರಿನ ಉಳಿತಾಯ ಒಂದನ್ನೇ ಹಿಡಿದರೂ ಈ ಹಣ ಎರಡು ವರ್ಷ ಒಂಬತ್ತು ತಿಂಗಳಲ್ಲಿ ವಾಪಸ್ಸು.

ಆರ್ಮನ್ನೇ ಇಡಿಯಾಗಿ ಬದಲಿಸಬೇಕೆ? ಜೋಡಿ ಆರ್ಮಿಗೆ 4,400, ಕೂಲಿ 1,000, ಅಲೈನ್‌ಮೆಂಟ್ 500 ಸೇರಿ 5,900. ಬುಷ್ ಮಾತ್ರ ಹಾಕಿಸುವುದಕ್ಕಿಂತ 2,400 ಹೆಚ್ಚು. ಆದರೆ ಬಾಲ್ ಜಾಯಿಂಟೂ ಸಡಿಲವಾಗಿದ್ದರೆ ಅದಕ್ಕೆ ಬೇರೆ 1,400 ಬೇಕು. ಆಗ ವ್ಯತ್ಯಾಸ ಬರೀ 1,000. ಅಂಥ ಸ್ಥಿತಿಯಲ್ಲಿ ಇಡೀ ಆರ್ಮ್ ಹಾಕಿಸುವುದೇ ಜಾಣತನ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 18. ಸಸ್ಪೆನ್ಷನ್ ಭಾಗಗಳಿಗೆ ಮೊದಲು ಶೇ 28 ಇತ್ತು. 1,000 ರೂ. ಮೂಲ ಬೆಲೆಯ ಆರ್ಮ್ 1,280ರಿಂದ 1,180ಕ್ಕೆ ಇಳಿಯಬೇಕು. ಬಿಲ್ಲಿನಲ್ಲಿ ಈ ಸಾಲನ್ನು ನೋಡಿಕೊಳ್ಳಿ.

ಹ್ಯಾಂಡ್ಲಿಂಗ್ ಹುಚ್ಚಿರುವ ಹುಡುಗರು ಕೇಳುವುದು ಪಾಲಿಯುರೆಥೇನ್ ಬುಷ್. ಕಂಪನಿಯ ರಬ್ಬರಿನ ಗಡಸುತನ ಸಾಮಾನ್ಯವಾಗಿ ಶೋರ್ ಎ ಮಾಪಕದಲ್ಲಿ 50ರಿಂದ 70. ಬ್ರಿಟನ್ನಿನ ಪವರ್‌ಫ್ಲೆಕ್ಸ್ ರಸ್ತೆ ಬಳಕೆಗೆ ಕೊಡುವ ನೇರಳೆ ಬುಷ್ 80, ಟ್ರ್ಯಾಕಿಗೆ ಕೊಡುವ ಕಪ್ಪು ಬುಷ್ 95. ಗಡಸಾದಷ್ಟೂ ಚಕ್ರ ಕಡಿಮೆ ಸರಿಯುತ್ತದೆ, ಸ್ಟಿಯರಿಂಗ್ ಚುರುಕಾಗುತ್ತದೆ, ಇದು ನಿಜ. ಬೆಲೆಯನ್ನೂ ನೋಡಬೇಕು. ಆರ್ಮಿನ ನಾಲ್ಕು ಪಾಲಿ ಬುಷ್‌ಗೆ 9,000 ಹಿಡಿದರೆ ಕೂಲಿ, ಅಲೈನ್‌ಮೆಂಟ್ ಸೇರಿ 11,100. ರಬ್ಬರ್ ಬುಷ್ 3,500 ರೂ.ಗೆ 60,000 ಕಿ.ಮೀ. ಬಂದರೆ ಕಿ.ಮೀ.ಗೆ 6 ಪೈಸೆಗೂ ಕಡಿಮೆ. ಅದಕ್ಕೆ ಸಮನಾಗಲು ಪಾಲಿ ಬುಷ್ 1.9 ಲಕ್ಷ ಕಿ.ಮೀ. ಬಾಳಬೇಕು. ಅಷ್ಟು ದೂರ ಒಂದೇ ಕಾರನ್ನು ಇಟ್ಟುಕೊಳ್ಳುವವರು ಎಷ್ಟು ಮಂದಿ?

ಹಣಕ್ಕಿಂತ ದೊಡ್ಡ ಆಕ್ಷೇಪ ಒಂದಿದೆ. ಆರ್ಮಿನ ಹಿಂದಿನ ಬುಷ್‌ನಲ್ಲಿ ಅನೇಕ ಕಾರುಗಳಲ್ಲಿ ಬೇಕೆಂದೇ ಬಿಟ್ಟ ಪೊಳ್ಳು ಇರುತ್ತದೆ. ಗುಂಡಿಗೆ ಬಿದ್ದಾಗ ಚಕ್ರ ತುಸು ಹಿಂದೆ ಸರಿದು ಹೊಡೆತ ನುಂಗಲಿ ಎಂದು. ಅಲ್ಲಿ ಪೊಳ್ಳಿಲ್ಲದ ಪಾಲಿ ತುರುಕಿದರೆ ಆ ಹೊಡೆತ ಬಾಡಿಗೆ, ಸ್ಟಿಯರಿಂಗಿಗೆ, ನಮ್ಮ ಕೈಗೆ ಬರುತ್ತದೆ. ಪಾಲಿ ಹಾಕಲೇಬೇಕೆಂದರೆ ಡಿ-ಬುಷ್‌ಗೆ ಹಾಕಿ, ಆಮೇಲೆ ಆರ್ಮಿನ ಮುಂದಿನ ಬುಷ್‌ಗೆ. ಹಿಂದಿನದು ಕಂಪನಿಯ ರಬ್ಬರೇ ಇರಲಿ. ಟಾರ್ಷನ್ ಬೀಮಿನ ಬುಷ್ ಕೆಟ್ಟಿರದಿದ್ದರೆ ಮುಟ್ಟಬೇಡಿ. ಸ್ಟೆಬಿಲೈಸರ್ ಬಾರನ್ನೇ ದಪ್ಪ ಮಾಡುವ ಆಲೋಚನೆ ಇದ್ದರೆ ಒಂದು ಅಂಕಿ ನೆನಪಿರಲಿ: ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 20 ಮಿ.ಮೀ. ಬಾರಿನ ಬದಲು 22 ಹಾಕಿದರೆ ಬಿಗುವು ಶೇ 46 ಹೆಚ್ಚು.

ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ ಕೆಲಸ ಎರಡು. ಒಂದು, ಬದಲಿಸುವ ಮೊದಲು ಆರ್ಮಿಗೂ ಬಾಡಿಗೂ ನಡುವೆ ಸಬ್ಬಲ್ ಇಟ್ಟು ಮೀಟಿಸಿ. ಮೇಲ್ಮೈಯಲ್ಲಿ ಕೂದಲೆಳೆ ಬಿರುಕಿದ್ದರೆ ಗಾಬರಿ ಬೇಡ. ಒಳಗಿನ ಸ್ಲೀವ್‌ನಿಂದ ರಬ್ಬರ್ ಬಿಟ್ಟುಕೊಂಡು ಕಬ್ಬಿಣ ಕಬ್ಬಿಣಕ್ಕೆ ತಾಗಿದರೆ ಅದರ ಕಾಲ ಮುಗಿಯಿತು. ಎರಡು, ಬೋಲ್ಟನ್ನು ಕೊನೆಯ ಬಿಗಿ ಮಾಡುವಾಗ ಕಾರು ತನ್ನ ಚಕ್ರಗಳ ಮೇಲೆ ನಿಂತಿರಬೇಕು. ಇಲ್ಲಿ ತಪ್ಪುವ ಗ್ಯಾರೇಜುಗಳೇ ಹೆಚ್ಚು. ರಬ್ಬರ್ ಬುಷ್ ಜಾರಿ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಲಿಫ್ಟ್ ಮೇಲಿದ್ದು ಚಕ್ರ 80 ಮಿ.ಮೀ. ಜೋತಿರುವಾಗ ಬಿಗಿ ಮಾಡಿದರೆ 300 ಮಿ.ಮೀ.ನ ಆರ್ಮ್ 15.5 ಡಿಗ್ರಿ ಕೆಳಗೆ ಬಾಗಿರುತ್ತದೆ. ಕಾರು ಇಳಿಸಿದ ಕ್ಷಣದಿಂದ ಬುಷ್ ಅಷ್ಟೂ ಡಿಗ್ರಿ ತಿರುಚಿಕೊಂಡೇ ನಿಂತಿರುತ್ತದೆ, ನಿಲ್ಲಿಸಿದ್ದಾಗಲೂ. ಅಂಥ ಹೊಸ ಬುಷ್ ಬೇಗ ಹರಿದರೆ ದೋಷ ರಬ್ಬರಿನದಲ್ಲ.

ಅಲೈನ್‌ಮೆಂಟನ್ನು ಅದೇ ದಿನ ಮಾಡಿಸಿ, ಮೊದಲಿನ ಮತ್ತು ನಂತರದ ಎರಡೂ ಪ್ರಿಂಟ್ ಕೇಳಿ ಇಟ್ಟುಕೊಳ್ಳಿ. ಸಾವಿರ ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟೋ ನೋಡಿಸಲು 500 ರೂ. ಎತ್ತಿಡಿ. ಆ ದಿನದ ‘ನಂತರದ’ ಪ್ರಿಂಟಿಗಿಂತ 0.1 ಡಿಗ್ರಿಗೂ ಹೆಚ್ಚು ಸರಿದಿದ್ದರೆ ಮತ್ತೆ ಟೋ ತಿದ್ದಿ ಕಳಿಸಲು ಬಿಡಬೇಡಿ. ಆರ್ಮಿನ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್ ಹಾಕಿ ನೋಡಿಸಿ.