ಲೋಕಧ್ವನಿಗಳ ಸಂಗ್ರಹವಿಧಾನ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯನ್ನು ಕುರಿತು

ಶಬ್ದವು ಆಕಾಶದ ಗುಣವೆಂದೂ, ಅದು ಧ್ವನ್ಯಾತ್ಮಕ, ವರ್ಣಾತ್ಮಕ ಎಂದು ಇಬ್ಬಗೆಯೆಂದೂ ತರ್ಕಸಂಗ್ರಹವನ್ನೋದಿದ ಬಾಲವಿದ್ಯಾರ್ಥಿಯೂ ಬಲ್ಲನು. ಭೇರಿ ಮೊದಲಾದವುಗಳಲ್ಲಿ ಹುಟ್ಟುವುದು ಮೊದಲನೆಯದು, ಭಾಷಾರೂಪವಾದುದು ಎರಡನೆಯದು. ವರ್ಣಾತ್ಮಕ ಶಬ್ದಕ್ಕೆ ಶಿಕ್ಷೆ, ವ್ಯಾಕರಣ, ಛಂದಸ್ಸುಗಳೆಂಬ ವೇದಾಂಗಗಳೇ ಮೀಸಲಾದುವು. ಧ್ವನ್ಯಾತ್ಮಕವಾದುದಕ್ಕೆ, ಸಂಗೀತದ ನಾದವೊಂದನ್ನುಳಿದು, ಅಂತಹ ಆದರವು ದೊರೆಯಲಿಲ್ಲ. ಬಂಡಿಯ ಗಾಲಿ, ಮಗ್ಗದ ಲಾಳಿ, ಸಂತೆಯ ಕೂಗು ಇವು ಶಾಸ್ತ್ರದ ಹೊರಗೇ ಉಳಿದುವು. ಇವುಗಳನ್ನು ಯಂತ್ರದಲ್ಲಿ ಸಂಗ್ರಹಿಸುವುದು ಭಾಷಾಶಾಸ್ತ್ರಕ್ಕೂ ಆವಶ್ಯಕವೆಂಬುದನ್ನು ಇಲ್ಲಿ ವಿವೇಚಿಸಲಾಗುವುದು.

13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ, ಶಬ್ದವು ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಹುಟ್ಟುವುದೆಂದು ಹೇಳಿ, ಅನುಕರಣಶಬ್ದಗಳಿಗೂ ವ್ಯಾಕರಣದಲ್ಲಿ ಎಡೆಗೊಟ್ಟಿರುವನು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿಯೂ ಇಂತಹ ಪದಗಳು ಹೇರಳವಾಗಿವೆ. ಈ ಪದಗಳಿಗೊಂದು ವಿಶೇಷವುಂಟು. ಮರವೆಂಬ ಪದದ ಅರ್ಥವನ್ನು ಮರವನ್ನು ತೋರಿಸಿ ತಿಳಿಸಬಹುದು. ಕಿರಕಿರ, ಲಟಲಟ ಎಂಬವುಗಳ ಅರ್ಥಕ್ಕೆ ಶ್ರೋತ್ರವೊಂದೇ ಪ್ರಮಾಣ. ಮೂಲಧ್ವನಿಯು ಲೋಕದಿಂದ ಮರೆಯಾದರೆ ಉಪಾಧ್ಯಾಯನು ಒಂದು ಅನುಕರಣವನ್ನು ಇನ್ನೊಂದರಿಂದ, ಅದನ್ನು ಮತ್ತೊಂದರಿಂದ ವಿವರಿಸುತ್ತ ಚಕ್ರಕದೋಷಕ್ಕೆ ಸಿಕ್ಕುವನು. ಪದವು ಕೋಶದಲ್ಲುಳಿದರೂ ಅದರ ಸಾಕ್ಷಿಯು ಅಳಿದಂತಾಯಿತು.

ಈ ಸೀಮೆಯಲ್ಲಿಯೇ ನಿದರ್ಶನಗಳುಂಟು. ಬೈಲಹೊಂಗಲದ ಸುತ್ತಲಿನ ಎರೆಭೂಮಿಯ ಕಣಗಳಲ್ಲಿ ಎತ್ತುಗಳು ತೆನೆಯನ್ನು ತುಳಿಯುವಾಗ ಹಾಡುತ್ತಿದ್ದ ಹಂತಿಪದಗಳು ಗ್ರಂಥಸ್ಥವಾಗಿವೆ. ಆದರೆ ಆ ಹಾಡಿಗೆ ಲಯವನ್ನೊದಗಿಸಿದ ಗೊರಸಿನ ಸಪ್ಪಳವು ಗ್ರಂಥದಲ್ಲಿಲ್ಲ. ಒಕ್ಕುವ ಯಂತ್ರಗಳು ಬಂದಂತೆ ಅದು ಕಣದಲ್ಲಿಯೂ ವಿರಳವಾಯಿತು. ರಾಮದುರ್ಗದ ನೇಕಾರರ ಕೈಮಗ್ಗದಲ್ಲಿ ಲಾಳಿಯ ಹೊಡೆತವು ನೇಯುವವನ ಕೈಕಾಲುಗಳ ವೇಗವನ್ನನುಸರಿಸುವುದು. ವಿದ್ಯುನ್ಮಗ್ಗದ ಸದ್ದಿಗೆ ಆ ಏರಿಳಿತವಿಲ್ಲ. ಎರಡನ್ನೂ ಕಟಕಟವೆಂದೇ ಕರೆದರೆ ಭೇದವು ಅಕ್ಷರದಲ್ಲಿ ಕಾಣದು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಕೇಳುವ ‘ಉಧೋ ಉಧೋ’ ಘೋಷವೂ ಚೌಡಿಕೆಯ ನಾದವೂ ಬರಹಕ್ಕೆ ಪೂರ್ಣವಾಗಿ ಎಟುಕಲಾರವು.

ಕಿತ್ತೂರ ಸೀಮೆಯ ಲಾವಣಿಗಳ ಸಂಗತಿಯೂ ಇಂತಹುದೇ. ಶಾಸನತಜ್ಞರಾದ ಫ್ಲೀಟರು 1885ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸುತ್ತ ಸಂಗೊಳ್ಳಿ ರಾಯಣ್ಣನ ಪದವನ್ನೂ ಬೈಲಹೊಂಗಲದ ಸಂಗ್ಯಾನ ಪದವನ್ನೂ ಉಳಿಸಿಕೊಟ್ಟರು. ಎಡಿಸನ್ನನ ಧ್ವನಿಯಂತ್ರವು 1877ರಲ್ಲಿಯೇ ಹುಟ್ಟಿತ್ತು. ಆದರೂ ಈ ಲಾವಣಿಗಳು ನಮಗೆ ದೊರೆತುದು ಅಕ್ಷರರೂಪದಲ್ಲಿ. ಪಾಠವು ಉಳಿಯಿತು, ಹಾಡಿದವರ ಕಂಠವೂ ಕೇಳಿದವರ ಉದ್ಗಾರವೂ ಉಳಿಯಲಿಲ್ಲ.

ಇನ್ನು ವಿಧಾನ. ಮನುಷ್ಯಶ್ರೋತ್ರವು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳನ್ನು ಗ್ರಹಿಸಬಲ್ಲುದು. ಅತ್ಯುಚ್ಚ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದಲ್ಲದೆ ಧ್ವನಿಯು ಯಥಾವತ್ತಾಗಿ ದಾಖಲಾಗದು. ಆದುದರಿಂದ 48,000 ಸಲ ಅಳೆಯುವ ಕ್ರಮವು ರೂಢಿಗೆ ಬಂದಿದೆ. ಧ್ವನಿಯನ್ನು ಸಂಕೋಚಿಸದೆಯೇ ಕಾಪಿಡತಕ್ಕದ್ದು. ಬಯಲಿನ ಗಾಳಿಯು ಮೈಕಿಗೆ ಬಡಿಯದಂತೆ ಹೊದಿಕೆಯಿರಬೇಕು. ನಮ್ಮ ಕಿವಿಯು ಬೇಕಾದುದನ್ನು ಆಯ್ದುಕೊಳ್ಳುವುದು. ಯಂತ್ರಕ್ಕೆ ಆ ವಿವೇಕವಿಲ್ಲ. ಆದುದರಿಂದ ಪ್ರವಾಸಿಯು ಯಂತ್ರವನ್ನಿಡುವ ಮೊದಲು ತಾನು ಸುಮ್ಮನೆ ನಿಂತು ಕೇಳಬೇಕು. ಒಂದೇ ಧ್ವನಿಯನ್ನು ಹತ್ತಿರದಿಂದೊಮ್ಮೆ, ದೂರದಿಂದೊಮ್ಮೆ ಗ್ರಹಿಸುವುದು ಲೇಸು. ಆರಂಭದಲ್ಲಿ ಊರು, ದಿನ, ಹೊತ್ತುಗಳನ್ನು ಬಾಯಿಂದಲೇ ನುಡಿದಿಡಬೇಕು; ಹಾಳೆಯು ಕಳೆದರೂ ನುಡಿಯು ಧ್ವನಿಯೊಡನಿರುವುದು. ಜನರ ಮಾತು ಸೇರುವಲ್ಲಿ ಅವರ ಒಪ್ಪಿಗೆಯನ್ನು ಪಡೆಯಬೇಕು. ದೇವಿಯ ಮುಂದೆ ಹೇಳಿಕೊಂಡ ಸಂಕಟವು ಸಂಗ್ರಾಹಕನ ಸೊತ್ತಲ್ಲ.

ಎಲ್ಲಕ್ಕಿಂತ ಮುಖ್ಯವಾದುದೊಂದುಂಟು. ಆ ಧ್ವನಿಯನ್ನು ಆ ಊರವರು ಯಾವ ಪದದಿಂದ ಕರೆಯುವರೆಂಬುದನ್ನು ಕೇಳಿ, ಅವರ ಉಚ್ಚಾರದಲ್ಲಿಯೇ ಜೊತೆಗೆ ದಾಖಲಿಸತಕ್ಕದ್ದು. ಪದವೂ ಧ್ವನಿಯೂ ಕೂಡಿದಲ್ಲಿ ಮಾತ್ರ ಸಂಗ್ರಹವು ಕೋಶಕಾರನಿಗೂ ಪಾಠ ಹೇಳುವವನಿಗೂ ಪ್ರಮಾಣವಾಗುವುದು. ಒಂದೊಂದು ಶಾಲೆಯ ಉಪಾಧ್ಯಾಯರು ತಮ್ಮ ಊರಿನ ಹತ್ತು ಧ್ವನಿಗಳನ್ನು ಹೆಸರುಸಹಿತ ಕೂಡಿಸಿದರೂ ಅನುಕರಣಶಬ್ದಗಳ ಸಶ್ರಾವ್ಯ ಕೋಶವೊಂದಕ್ಕೆ ಬುನಾದಿಯಾದೀತು. ಹಂತಿಯ ಸಪ್ಪಳವನ್ನು ಗುರುತಿಸಿ ಹೆಸರಿಡಬಲ್ಲ ಹಿರಿಯರಿರುವಾಗಲೇ ಈ ಕಾರ್ಯವು ನಡೆಯತಕ್ಕದ್ದು.