ಸಂದೇಶದಿಂದ ಕಾರ್ಯಪಟ್ಟಿಗೆ

ಸಣ್ಣ ಉದ್ದಿಮೆಗಳಲ್ಲಿ ಬೇಡಿಕೆ, ದೂರು, ರವಾನೆಯ ಸೂಚನೆಗಳು ಇಂದು ಬಹುಮಟ್ಟಿಗೆ ಮೊಬೈಲ್ ಗುಂಪು ಸಂದೇಶಗಳ ಮೂಲಕವೇ ಬರುತ್ತಿವೆ. ‘ಶುಕ್ರವಾರದೊಳಗೆ 200 ಬುಷ್ ಕಳುಹಿಸಿ’ ಎಂಬ ಸಂದೇಶದ ನಂತರ ಐವತ್ತು ಸಂದೇಶಗಳು ಬಂದರೆ ಅದು ಮರೆಯಾಗುತ್ತದೆ. ಗಡುವು ತಪ್ಪಿದರೆ ಗ್ರಾಹಕನೂ ಕೈತಪ್ಪುತ್ತಾನೆ.

ಸಂದೇಶವನ್ನೇ ಕಾರ್ಯವಾಗಿ ದಾಖಲಿಸುವ ವ್ಯವಸ್ಥೆಯು ಇದಕ್ಕೆ ಪರಿಹಾರ. 2017ರಲ್ಲಿ ಬಳಕೆಗೆ ಬಂದ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಸಂದೇಶವೊಂದನ್ನು ಆರಿಸಿ, ಅದರಿಂದಲೇ ಕಾರ್ಯವನ್ನು ಸೃಷ್ಟಿಸಬಹುದು. ಸ್ಲ್ಯಾಕ್ ಸಂಸ್ಥೆಯು 2019ರಲ್ಲಿ ಪರಿಚಯಿಸಿದ ವರ್ಕ್‌ಫ್ಲೋ ಬಿಲ್ಡರ್‌ನಲ್ಲಿ, ಸಂದೇಶಕ್ಕೆ ನಿಗದಿತ ಇಮೋಜಿಯೊಂದನ್ನು ಹಾಕಿದೊಡನೆ ಮುಂದಿನ ಕ್ರಮಗಳು ತಾವಾಗಿಯೇ ನಡೆಯುವಂತೆ ಹೊಂದಿಸಬಹುದು. ಈ ಸೌಲಭ್ಯ ಶುಲ್ಕಸಹಿತ ಯೋಜನೆಗಳಿಗೆ ಮಾತ್ರ.

ಆದರೆ ಸಂದೇಶದಲ್ಲಿ ಇಲ್ಲದ ಮಾಹಿತಿಯನ್ನು ತಂತ್ರಾಂಶವು ನಂಬುವಂತೆ ಒದಗಿಸಲಾರದು. ವಸ್ತು, ಪ್ರಮಾಣ, ಹೊಣೆಗಾರ, ದಿನಾಂಕ ಈ ನಾಲ್ಕೂ ಸ್ಪಷ್ಟವಾಗಿರಬೇಕು. ‘ಬೇಗ ಕಳಿಸಿ’ ಎಂಬುದು ಗಡುವಲ್ಲ. ಪ್ರತಿಯೊಂದು ಸಂದೇಶವನ್ನೂ ಕಾರ್ಯವಾಗಿಸಿದರೆ ‘ಆಯ್ತು’, ‘ಸರಿ’ಗಳಿಂದಲೇ ಪಟ್ಟಿ ತುಂಬಿ, ಯಾರೂ ಅದನ್ನು ನೋಡದಂತಾಗುತ್ತದೆ. ಆದುದರಿಂದ ಸಂದೇಶವನ್ನು ಆರಿಸುವ ಹೊಣೆ ಮೇಲ್ವಿಚಾರಕರೊಬ್ಬರದಾಗಿರಲಿ. ಬರೆದಿಡುವ, ನೆನಪಿಸುವ ಕೆಲಸ ಯಂತ್ರದ್ದಾಗಲಿ.

ಉದ್ದಿಮೆದಾರರು ಮೊದಲು ರವಾನೆ ವಿಭಾಗವೊಂದರಲ್ಲಿ ತಿಂಗಳ ಕಾಲ ಇದನ್ನು ಪ್ರಯೋಗಿಸಿ, ತಪ್ಪಿದ ಗಡುವುಗಳನ್ನು ಹಿಂದಿನ ತಿಂಗಳಿನೊಡನೆ ಹೋಲಿಸಿ ನೋಡುವುದು ಸೂಕ್ತ.